ಮನೆ ಎಳೆಯುವ ಗಾಡಿ

ಆಗ ನನಗೆ ಅರವತ್ತೊಂದು. ಇದಾಗಿ ಇಪ್ಪತ್ತೆಂಟು ವರ್ಷವಾಯಿತು. ಈಗೆಷ್ಟು ಎಂದು ನೀವೇ ಕೂಡಿಕೊಳ್ಳಿ, ನಾನು ಕೂಡುವುದನ್ನು ಬಿಟ್ಟಿದ್ದೇನೆ.

ನೆನಪು ಬಂದದ್ದು ಶುಂಠಿ ಜಜ್ಜುವಾಗ. ನಮ್ಮ ಅಡುಗೆಮನೆಯ ಡ್ರಾಯರಿನಲ್ಲಿ ಒಂದು ಕಬ್ಬಿಣದ ಗುಂಡು ಇದೆ. ನಿಂಬೆಹಣ್ಣಿಗಿಂತ ಕೊಂಚ ದೊಡ್ಡದು, ಕೆಳಗೆ ಹೆಬ್ಬೆರಳು ದಪ್ಪದ ಕಾಲು, ಕಾಲಿಗೆ ತಿರುಪಿನ ಸುತ್ತುಗಳಿವೆ. ಒಂದು ಮಗ್ಗುಲು ಸವೆದು ಚಪ್ಪಟೆಯಾಗಿದೆ. ಶುಂಠಿ, ಬೆಳ್ಳುಳ್ಳಿ, ಮೆಣಸು ಜಜ್ಜುವುದಕ್ಕೆ ಇಷ್ಟು ಹದವಾದ್ದು ಅಂಗಡಿಯಲ್ಲಿ ಸಿಗುವುದಿಲ್ಲ. ಮೊನ್ನೆ ಮೊಮ್ಮಗಳು ಅನು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ ಕೇಳಿದಳು.

"ಅಜ್ಜಿ, ಇದು ಇಂಡಿಯಾ ಟೂಲಾ?"

"ಇಂಡಿಯಾದ್ದಲ್ಲ, ಇಲ್ಲೀದೇ. ನಿಮ್ಮ ಮನೆ ಎಳೆದಿದ್ದು ಇದು" ಅಂದೆ.

"ಓಕೆ ಅಜ್ಜಿ" ಎಂದು ನಕ್ಕು ಹೋದಳು. ನನಗೆ ಅರಳುಮರಳು ಎಂದುಕೊಂಡಿರಬೇಕು. ಅವಳಿಗೆ ಆಗ ನಾಲ್ಕು ವರ್ಷ, ನೆನಪಿರುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ. ನಾನು ಮೂರನೆ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳು. ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ.

ಅಮೆರಿಕದ ವಿಷಯಕ್ಕೆ ಬರುವ ಮೊದಲು ನಮ್ಮ ಯಜಮಾನರ ಜೀಪಿನ ವಿಷಯ ಹೇಳಬೇಕು. ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ನಮ್ಮದು ಮದ್ದೂರು. ಯಜಮಾನರು ಮದುವೆ ಮನೆಗಳಿಗೆ ಪಾತ್ರೆ ಬಾಡಿಗೆ ಕೊಡುತ್ತಿದ್ದರು. ಕೊಪ್ಪರಿಗೆ, ಕೊಳಗ, ಹಂಡೆ, ಎರಡು ರುಬ್ಬುವ ಕಲ್ಲು, ಲೆಕ್ಕವಿಲ್ಲದಷ್ಟು ಲೋಟ. ಅದನ್ನೆಲ್ಲ ಸಾಗಿಸುವುದಕ್ಕೆ ಮಿಲಿಟರಿಯವರು ಹರಾಜು ಹಾಕಿದ ಒಂದು ಜೀಪು, ಅದರ ಹಿಂದೆ ಎರಡೇ ಚಕ್ರದ ಒಂದು ಟ್ರೈಲರು. ಪಾತ್ರೆ ಎಣಿಸುವುದು, ತಿಕ್ಕುವುದು ನನ್ನ ಕೆಲಸ. ಇನ್ನೊಂದು ಕೆಲಸವೂ ಇತ್ತು. ಟ್ರೈಲರನ್ನು ಜೀಪಿಗೆ ಸಿಕ್ಕಿಸುವ ಮೊದಲು ಅದರ ಮೂಗು, ಅಂದರೆ ಜೀಪಿಗೆ ಸಿಕ್ಕುವ ಮುಂದಿನ ತುದಿ, ಎತ್ತಿ ನೋಡುವುದು.

ಎರಡು ಚಕ್ರದ ಗಾಡಿ ತಕ್ಕಡಿ ಇದ್ದ ಹಾಗೆ. ಭಾರವೆಲ್ಲ ಹಿಂದೆ ಬಿದ್ದರೆ ಮೂಗು ಮೇಲೇಳುತ್ತದೆ. ಮೂಗು ಹಗುರವಾದರೆ ರಸ್ತೆಯಲ್ಲಿ ಟ್ರೈಲರು ಬಾಲ ಅಲ್ಲಾಡಿಸುತ್ತದೆ, ಅದರ ಜೊತೆಗೆ ಜೀಪೂ ಕುಣಿಯುತ್ತದೆ. ಅದಕ್ಕೆ ಕಲ್ಲು, ಕೊಪ್ಪರಿಗೆ ಮುಂದೆ. ಲೋಟ, ತಟ್ಟೆ ಹಿಂದೆ. ಎಲ್ಲ ತುಂಬಿಸಿದ ಮೇಲೆ ಯಜಮಾನರು ಕರೆಯುತ್ತಿದ್ದರು. "ಬಾ, ಎತ್ತು." ನಾನು ಸೆರಗು ಸಿಕ್ಕಿಸಿ ಮೂಗು ಹಿಡಿದು ಎತ್ತಬೇಕು. ನಾನು ಎತ್ತಿದೆನೋ, ತುಂಬಿದ್ದು ತಪ್ಪು, ಎಲ್ಲ ಇಳಿಸಿ ಮತ್ತೆ ತುಂಬಿಸು. ನನಗೆ ಏಳಲಿಲ್ಲವೋ, ಸರಿ. ಎಷ್ಟು ಭಾರ ಎಂದು ಅಳೆಯುವುದಕ್ಕೆ ಅವರ ಹತ್ತಿರ ಇದ್ದ ಯಂತ್ರ ನಾನೊಬ್ಬಳೇ.

ಆಮೇಲೆ ಜೀಪಿನಲ್ಲಿ ಕೂತು ಹಾರ್ನ್ ಒತ್ತುವರು. ನಾನು ಬಾಗಿಲಿಗೆ ಬೀಗ ಹಾಕಿ ಬಂದು ಕೂರುವ ತನಕ ಕೈ ತೆಗೆಯುತ್ತಿರಲಿಲ್ಲ. ಬೀದಿಯವರೆಲ್ಲ ಬೈಯುವರು. ಅವರಿಗೆ ಲಕ್ಷ್ಯವಿಲ್ಲ. ಒಂದು ಸಲ ಎದುರು ಮನೆಯ ಬಾಣಂತಿ ಹೊರಗೆ ಬಂದು, ಮಗು ಎದ್ದಿತು, ನೀನೇ ತೂಗು ಎಂದು ತಂದು ಇವರ ತೊಡೆಯ ಮೇಲೆ ಮಲಗಿಸಿ ಹೋದಳು. ಇವರು ಒಂದು ಕೈಯಲ್ಲಿ ಮಗು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಹಾರ್ನ್ ಒತ್ತಿದರು.

ಇರಲಿ. ಅವರು ಹೋದ ಮೇಲೆ ಜೀಪು ಮಾರಿದೆವು. ಮಗಳು ಶೈಲಾ ಗಂಡನ ಜೊತೆ ಅಮೆರಿಕದ ರಾಕ್‌ವಿಲ್‌ನಲ್ಲಿದ್ದಳು. ಆರು ತಿಂಗಳ ಮಟ್ಟಿಗೆ ಬಾ ಎಂದಳು, ಬಂದೆ.

ಅಳಿಯ ಮೋಹನ್ ಪ್ರಯೋಗಶಾಲೆಗಳಲ್ಲಿ ರಕ್ತ ತಿರುಗಿಸಿ ಪರೀಕ್ಷೆ ಮಾಡುವ ಮಿಷನ್ನುಗಳನ್ನು ರಿಪೇರಿ ಮಾಡುವವರು. ಒಳ್ಳೆಯ ಮನುಷ್ಯ. ಮಾತು ಕಡಿಮೆ. ಏನು ಕೊಳ್ಳಬೇಕಾದರೂ ಹಳದಿ ಹಾಳೆಯ ಮೇಲೆ ಗೆರೆ ಎಳೆದು ಒಳ್ಳೆಯದೊಂದು ಕಡೆ, ಕೆಟ್ಟದ್ದೊಂದು ಕಡೆ ಬರೆಯುವುದು ಅವರ ಅಭ್ಯಾಸ. ನನ್ನನ್ನು ಕರೆಸುವ ಮೊದಲೂ ಒಂದು ಹಾಳೆ ಬರೆದಿದ್ದರಂತೆ. ಎರಡನೆ ಕಡೆ ಏನಿತ್ತು ಎಂದು ಶೈಲಾ ಹೇಳಲಿಲ್ಲ.

ಅವರಿಗೆ ತಿಂಗಳಲ್ಲಿ ಮೂರು ವಾರ ಊರು ಸುತ್ತುವ ಕೆಲಸ. ಒಂದು ಸಲ ಅಟ್ಲಾಂಟ, ಒಂದು ಸಲ ಶಾರ್ಲೆಟ್. ಶೈಲಾಗೆ ದೊಡ್ಡ ರಸ್ತೆಯಲ್ಲಿ ಕಾರು ಓಡಿಸಲು ಭಯ. ಮಗುವಿಗೆ ಜ್ವರ ಬಂದರೂ ಯಾರನ್ನಾದರೂ ಕರೆಯಬೇಕು. ನಾನು ಬಂದಾಗ ಅವಳು ಸೊರಗಿ ಸೌದೆಯಾಗಿದ್ದಳು. ಅಷ್ಟರಲ್ಲಿ ಕಂಪನಿಯವರು, ಶಾರ್ಲೆಟ್ ಆಚೆ ಫೋರ್ಟ್ ಮಿಲ್ ಹತ್ತಿರ ಹೊಸ ಲ್ಯಾಬು ಏಳುತ್ತಿದೆ, ನಾಲ್ಕು ತಿಂಗಳು ಅಲ್ಲಿರು, ಅದಾದ ಮೇಲೆ ಅಟ್ಲಾಂಟ ಎಂದರು.

ಶೈಲಾ ಊಟಕ್ಕೆ ಬಡಿಸುತ್ತಾ ಹೇಳಿದಳು. ಕೂಗಾಡಲಿಲ್ಲ.

"ರೀ, ನಿಮ್ಮ ಜೊತೆ ನಾವೂ ಬರ್ತೀವಿ. ಇಲ್ಲದಿದ್ರೆ ಅನೂನ ಕರ್ಕೊಂಡು ಅಮ್ಮನ ಜೊತೆ ಮದ್ದೂರಿಗೆ ಹೋಗ್ತೀನಿ. ಇನ್ನೊಂದು ವಿಂಟರ್ ಒಬ್ಬಳೇ ಇರೋಕೆ ನನ್ನ ಕೈಲಾಗಲ್ಲ. ಟ್ರಾವೆಲ್ ಏಜೆಂಟ್ ಹತ್ರ ಮೂರು ಸೀಟ್ ಹೋಲ್ಡ್ ಮಾಡ್ಸಿದೀನಿ."

"ಎಷ್ಟು ದಿನಕ್ಕೆ ಹೋಗ್ತೀಯಾ?" ಎಂದರು ಮೋಹನ್.

"ಗೊತ್ತಿಲ್ಲ" ಅಂದಳು.

ಆ 'ಗೊತ್ತಿಲ್ಲ' ಅನ್ನುವುದು ನನಗೆ ಹಿಡಿಸಲಿಲ್ಲ. ಮಗಳು ಮನೆಗೆ ಬಂದರೆ ಬಾಗಿಲು ಹಾಕುವವಳಲ್ಲ ನಾನು. ಆದರೆ ಹೊಡೆಯದ, ಬಡಿಯದ, ಕುಡಿಯದ ಗಂಡನನ್ನು ಬಿಟ್ಟು, ಬರೀ ರಸ್ತೆ ಉದ್ದವಾಯಿತು ಎಂದು ಬರುವುದೇ? ಈ ಮನೆ ಒಡೆದರೆ ಯಾವ ದೊಡ್ಡ ಕಾರಣಕ್ಕೂ ಒಡೆಯುವುದಿಲ್ಲ, ಊರಿಂದ ಊರಿಗೆ ಸಾಗಿಸುವ ದಾರಿ ಕಾಣದೆ ಒಡೆಯುತ್ತದೆ ಎನ್ನಿಸಿತು. ಸಾಗಿಸುವ ವಿಷಯ ನನಗೆ ಗೊತ್ತು.

ಮೋಹನ್ ಮೂರು ದಿನ ಹಳದಿ ಹಾಳೆ ಬರೆದರು. ನಾಲ್ಕನೆ ದಿನ ಮೂರನೆ ಮನೆಯ ಮುದುಕ ಬಿಲ್ ಎನ್ನುವವನಿಂದ ಒಂದು ಟ್ರೈಲರು ಕೊಂಡರು. ನಮ್ಮ ಪಾತ್ರೆ ಟ್ರೈಲರಿನಂತಲ್ಲ. ಒಳಗೆ ಮಂಚ, ಒಲೆ, ಬಚ್ಚಲು, ಎಲ್ಲ ಇರುವ ಮನೆ. ಮುಂದುಗಡೆ ಮಲಗುವ ಜಾಗ, ಹಿಂದುಗಡೆ ಅಡುಗೆಮನೆ. ಕಿಟಕಿಗೆ ಪರದೆ ಕೂಡ ಇತ್ತು. ಬಿಲ್‌ನ ಹೆಂಡತಿ ಹೋಗಿಬಿಟ್ಟ ಮೇಲೆ ಅವನು ಅದರಲ್ಲಿ ಹುಲ್ಲು ಕತ್ತರಿಸುವ ಮಿಷನ್ನು ಇಟ್ಟಿದ್ದ. ಮೋಹನ್ ಲೆಕ್ಕ ಏನೆಂದರೆ, ಇದನ್ನು ಎಳೆದುಕೊಂಡು ಹೋಗಿ ಫೋರ್ಟ್ ಮಿಲ್ ಹತ್ತಿರ ಟ್ರೈಲರು ನಿಲ್ಲಿಸುವ ಮೈದಾನದಲ್ಲಿ ಇಡುವುದು, ಕೆಲಸ ಮುಗಿದರೆ ಅಟ್ಲಾಂಟ. ಹೆಂಡತಿ, ಮಗು, ಮನೆ ಎಲ್ಲ ಜೊತೆಗೆ.

ಮನೆಯೇನೋ ಬಂತು. ಎಳೆಯಲು ಗಾಡಿ ಇಲ್ಲ. ಅವರ ಹತ್ತಿರ ಇದ್ದದ್ದು ಪುಟ್ಟ ಕಾರು. ಅದಕ್ಕೆ ಇದನ್ನು ಕಟ್ಟಿದರೆ ಕಾರೇ ಹಿಂದಕ್ಕೆ ಹೋಗುತ್ತದೆ. ಕೆಲಸಕ್ಕೆ ಸೇರಬೇಕಾದ ಸೋಮವಾರಕ್ಕೆ ಹದಿನಾರು ದಿನ. ಶೈಲಾ ಹಿಡಿದಿಟ್ಟ ವಿಮಾನ ಅದರ ಮುಂದಿನ ಗುರುವಾರ.

ಆ ಶನಿವಾರ ರಾಘು ಎನ್ನುವವರ ಮನೆಯಲ್ಲಿ ಕನ್ನಡದವರೆಲ್ಲ ಸೇರುವುದಿತ್ತು. ಒಬ್ಬೊಬ್ಬರು ಒಂದೊಂದು ಪಾತ್ರೆ ತರುವ ಊಟ. ಹೆಂಗಸರು ಮೇಲೆ, ಗಂಡಸರು ಅಂಗಳದ ಮಟ್ಟಕ್ಕೇ ಬಾಗಿಲಿದ್ದ ನೆಲಮಾಳಿಗೆಯಲ್ಲಿ. ನಾನು ಮಂಡಿನೋವಿಗೆ ಮೆಟ್ಟಿಲು ಬೇಡವೆಂದು ಕೆಳಗೇ ಕೂತೆ. ಅಲ್ಲಿ ಹದಿನಾಲ್ಕು ಜನ ಗಂಡಸರು. ಅಂಗಳದಲ್ಲಿ ಹದಿನಾಲ್ಕು ಕಾರು, ಹದಿಮೂರು ಒಂದೇ ಜಾತಿಯವು. ಮೊದಲು ಬಂದವನು ಯಾವುದು ಕೊಂಡನೋ ಆಮೇಲೆ ಬಂದವರೆಲ್ಲ ಅದನ್ನೇ ಕೊಳ್ಳುವುದು ಇಲ್ಲಿನ ಪದ್ಧತಿ. ಬಣ್ಣ ಮಾತ್ರ ಬೇರೆ. ಹದಿನಾಲ್ಕನೆಯ ಕಾರಿನವನು ಅಮೆರಿಕದ ಹುಡುಗಿಯನ್ನು ಮದುವೆಯಾಗಿದ್ದ.

ಮೋಹನ್ ವಿಷಯ ಎತ್ತಿದ್ದೇ ತಡ, ಎಲ್ಲರಿಗೂ ಹೇಳುವುದಿತ್ತು.

"ಫೋರ್ ವೀಲ್ ಡ್ರೈವ್ ಯಾಕ್ರೀ? ಗ್ಯಾಸ್ ಕುಡಿಯುತ್ತೆ. ಹಿಮಾಲಯಕ್ಕೆ ಹೋಗ್ತೀರಾ, ಫೋರ್ಟ್ ಮಿಲ್‌ಗೆ ಹೋಗ್ತೀರಾ?" ಎಂದರು ಒಬ್ಬರು.

"ರೀಸೇಲ್ ನೋಡ್ಕೊಳ್ಳಿ, ರೀಸೇಲ್" ಎಂದರು ಇನ್ನೊಬ್ಬರು.

ರಾಘು ಒಂದು ಪತ್ರಿಕೆಯನ್ನೇ ತಂದು ಬಿಚ್ಚಿದರು. "ಇಲ್ಲಿ ನೋಡಿ ಮೋಹನ್. ಈ ಕೆಂಪದು. ಹೋದ ವರ್ಷದ್ದು ರಾಕ್‌ವಿಲ್‌ನಲ್ಲೇ ಒಂದು ಇದೆ. ಫೋರ್ ವೀಲೂ ಇದೆ, ಲೆದರ್ ಸೀಟೂ ಇದೆ. ಕಣ್ಮುಚ್ಕೊಂಡು ತಗೊಳ್ಳಿ."

"ಇದರಲ್ಲಿ ನೀವು ಏನಾದ್ರೂ ಎಳೆದಿದ್ದೀರಾ?" ಎಂದು ನಾನು ಕೇಳಿದೆ.

ರಾಘು ನನ್ನ ಕಡೆ ತಿರುಗಿದರು. ಅವರ ತಲೆ ನನ್ನ ತಲೆಗಿಂತ ಬೆಳ್ಳಗಿತ್ತು. "ಇಲ್ಲ ಆಂಟಿ, ಆದ್ರೆ ಸ್ಪೆಕ್ಸ್ ಓದಿದೀನಿ."

"ಇಲ್ಲಿ ಯಾರಾದ್ರೂ?"

 ಹದಿನಾಲ್ಕು ಜನರಲ್ಲಿ ಒಬ್ಬನೂ ಒಂದು ತಳ್ಳುಗಾಡಿಯನ್ನೂ ಎಳೆದವನಲ್ಲ. ಒಬ್ಬರು ಮೆಲ್ಲಗೆ ಹೇಳಿದರು, "ಆಂಟಿ, ನಾನು ಸೂಟ್‌ಕೇಸ್ ಎಳೆದಿದೀನಿ." ಎಲ್ಲರೂ ನಕ್ಕರು, ನಾನೂ ನಕ್ಕೆ. ಬಿಸಿಬೇಳೆಭಾತ್ ಬಂತು. ಅಲ್ಲಿಗೆ ಆ ಸಭೆ ಮುಗಿಯಿತು.

ಮಾರನೆ ದಿನ ಕೆಂಪು ಗಾಡಿ ನೋಡಲು ಹೋದೆವು. ಮೋಹನ್ ನನ್ನನ್ನು ಕರೆಯಲಿಲ್ಲ, ನಾನೇ ಹೋಗಿ ಕಾರಿನಲ್ಲಿ ಕೂತೆ. ಗಾಡಿ ಚೆಂದವಿತ್ತು. ಮದುಮಗನ ಹಾಗೆ ಹೊಳೆಯುತ್ತಿತ್ತು. ಮಾರುವವನು ನಾಲ್ಕು ಬಾಗಿಲನ್ನೂ ತೆಗೆದು ತೆಗೆದು ಹಾಕಿ ತೋರಿಸಿದ. ನಾನು ಮೂತಿಯಿಂದ ಬಾಲದವರೆಗೆ ಹೆಜ್ಜೆ ಹಾಕಿ ಅಳೆದೆ. ಆರು ಹೆಜ್ಜೆ. ಮನೆಯಲ್ಲಿ ನಿಂತಿದ್ದ ಟ್ರೈಲರನ್ನು ಬೆಳಿಗ್ಗೆಯೇ ಅಳೆದಿದ್ದೆ, ಹನ್ನೊಂದು.

"ಆರು ಹೆಜ್ಜೆ ಗಾಡಿಗೆ ಹನ್ನೊಂದು ಹೆಜ್ಜೆ ಮನೆ ಕಟ್ಟಿದ್ರೆ ಯಾರು ಯಾರನ್ನ ಎಳೀತಾರೆ ಮೋಹನ್?" ಎಂದೆ.

"ಅತ್ತೆ, ಇಂಜಿನ್ ಪವರ್ ಸಾಕಾಗುತ್ತೆ."

"ಎಳೆಯೋದು ಇರಲಿ. ಇಳಿಜಾರಲ್ಲಿ ಆ ಮನೆ ಹಿಂದಿಂದ ತಳ್ಳಿದಾಗ ಇದು ನಿಲ್ಲುತ್ತಾ ಕೇಳಿ."

ಮೋಹನ್ ಕೇಳಿದರು. ಮಾರುವವನು ಲೆದರ್ ಸೀಟಿನ ವಿಷಯ ಹೇಳಿದ. ನಾವು ಮನೆಗೆ ಬಂದೆವು. ದಾರಿಯಲ್ಲಿ ಕೆಂಪು ಕಾರು ಕಂಡಾಗೆಲ್ಲ ಮೋಹನ್ ತಿರುಗಿ ನೋಡಿದರು. ಅವರಿಗೆ ಕೆಂಪು ಬಣ್ಣ ಇಷ್ಟವಾಗಿತ್ತು, ಪಾಪ.

ಆಮೇಲೆ ಎಷ್ಟು ನೋಡಿದೆವೋ ನೆನಪಿಲ್ಲ. ಒಂದರಲ್ಲಿ ಗೇರಿನ ಆಯಿಲ್ ನೋಡುವ ಕಡ್ಡಿ ಎಳೆದು ಮೂಸಿದೆ, ಸೀದ ಒಗ್ಗರಣೆಯ ವಾಸನೆ. ಆ ಗೇರುಬಾಕ್ಸು ಆಗಲೇ ಬೆಂದಿದೆ ಎಂದು ಅರ್ಥ, ಬೇಡ ಎಂದೆ. ಒಂದರ ಕೆಳಗೆ ಬಗ್ಗಿ ನೋಡಿದರೆ ಚಾಸಿಯೇ ಇಲ್ಲ, ಬರೀ ತಗಡು ಮಡಚಿ ಮಾಡಿದ್ದು. ನನ್ನ ಸೀರೆಗೆ ಮಸಿ ಹತ್ತಿತು. ಶೈಲಾ ಎಂಟು ದಿನದಲ್ಲಿ ಎರಡು ಸೀರೆ ನೆನೆಹಾಕಿ, "ಅಮ್ಮಾ, ನೀನು ಪ್ಯಾಂಟಾದರೂ ಹಾಕ್ಕೋ" ಅಂದಳು. ಹಾಕಿಕೊಳ್ಳಲಿಲ್ಲ.

ಸಿಕ್ಕಿದ್ದು ಪೇಪರಿನ ಜಾಹೀರಾತಿನಲ್ಲಿ. ಫ್ರೆಡೆರಿಕ್ ಎನ್ನುವ ಊರಿನ ಆಚೆ ಒಂದು ತೋಟ. ಡಾಟ್ ಎಂದು ಅವಳ ಹೆಸರು, ನನ್ನ ವಯಸ್ಸಿನವಳೇ, ಗಂಡಸಿನ ಬೂಟು ಹಾಕಿದ್ದಳು. ಕುದುರೆ ಸಾಕುತ್ತಿದ್ದವಳು. ಸೊಂಟ ಹೋಗಿ ಕುದುರೆಗಳನ್ನು ಮಾರಿದ್ದಳು, ಅವನ್ನು ಎಳೆಯುತ್ತಿದ್ದ ಗಾಡಿ ಉಳಿದಿತ್ತು. ಬೂದು ಬಣ್ಣ, ಉದ್ದಕ್ಕೆ ಒಂಬತ್ತು ಹೆಜ್ಜೆ. ಕೆಳಗೆ ರೈಲ್ವೆ ಕಂಬಿಯಂಥ ಚಾಸಿ. ಸೀಟು ಹರಿದಿತ್ತು, ಒಳಗೆಲ್ಲ ಕುದುರೆಯ ವಾಸನೆ. ಹಿಂದೆ, ಟ್ರೈಲರಿನ ಮೂಗು ಬಂದು ಕೂರುವ ಕೊಕ್ಕೆಯ ಮೇಲೆ, ಈ ಕಬ್ಬಿಣದ ಗುಂಡು ಕೂತಿತ್ತು, ಗ್ರೀಸು ಹಚ್ಚಿಕೊಂಡು. ಆಗಲೇ ಸ್ವಲ್ಪ ಸವೆದಿತ್ತು. ಹೊಳೆಯುವ ಗುಂಡಾಗಿದ್ದರೆ ನಾನು ನಂಬುತ್ತಿರಲಿಲ್ಲ.

ನಾನು ಕಡ್ಡಿ ಎಳೆದು ಮೂಸಿದೆ. ಡಾಟ್ ನನ್ನನ್ನೇ ನೋಡಿದಳು. ಆಮೇಲೆ ಕಡ್ಡಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೂ ಮೂಸಿ, ತಲೆ ಆಡಿಸಿ ಏನೋ ಹೇಳಿದಳು.

"ಏನಂತೆ?" ಎಂದೆ.

"ಇಷ್ಟು ಜನ ಬಂದು ನೋಡಿದ್ರು, ಮೂಸಿದ್ದು ನೀವೊಬ್ಬರೇ ಅಂತಾರೆ" ಎಂದರು ಮೋಹನ್.

ಹಿಂದಿನ ದಿನ ಮಳೆ ಬಂದು ಅವಳ ಹುಲ್ಲುಗಾವಲು ಕೆಸರಾಗಿತ್ತು. ಡಾಟ್ ಖಾಲಿ ಕುದುರೆ ಟ್ರೈಲರನ್ನು ಕಟ್ಟಿ, ಬೇಕೆಂದೇ ಗಾಡಿಯನ್ನು ಆ ಕೆಸರಿಗೆ ಇಳಿಸಿದಳು. ಹಿಂದಿನ ಚಕ್ರ ಎರಡೂ ನಿಂತಲ್ಲೇ ತಿರುಗಿದವು. ಆಗ ಪಕ್ಕದ ಸಣ್ಣ ಗೇರು ಎಳೆದಳು, ನಾಲ್ಕೂ ಚಕ್ರ ಹಿಡಿದವು, ಎಮ್ಮೆ ಕೆರೆಯಿಂದ ಎದ್ದು ಬರುವಂತೆ ಗಾಡಿ ಅವಸರವಿಲ್ಲದೆ ಮೇಲೆ ಬಂತು. ನಮ್ಮ ಯಜಮಾನರೂ ಆ ಗೇರು ಮುಟ್ಟುತ್ತಿದ್ದುದು ಗದ್ದೆಯಲ್ಲಿ ಚಪ್ಪರ ಹಾಕಿದ ಮದುವೆಗಳಲ್ಲಿ ಮಾತ್ರ. ನಾಲ್ಕು ಚಕ್ರದ ಕೆಲಸ ಇರುವುದು ರಸ್ತೆ ಬಿಟ್ಟ ಮೇಲೆ. ಟ್ರೈಲರು ನಿಲ್ಲಿಸುವ ಮೈದಾನವೂ ಹುಲ್ಲೇ, ಕೆಸರೇ.

"ಇದೇ" ಅಂದೆ.

ಮೋಹನ್ ಹಳದಿ ಹಾಳೆ ತೆಗೆದು ನೋಡಿದರು, ಮಡಚಿ ಜೇಬಿಗಿಟ್ಟರು. ಒಂದು ವಾರದೊಳಗೆ ಸರಿಬರದಿದ್ದರೆ ವಾಪಸ್ ತನ್ನಿ, ತಿರುಗಿ ತೆಗೆದುಕೊಳ್ಳುತ್ತೇನೆ ಎಂದಳು ಡಾಟ್. ಹಾಗೆ ಮಾತು ಕೊಡಬಾರದಿತ್ತು. ವಾಪಸ್ ಕೊಡಬಹುದು ಎಂದರೆ ನಮ್ಮವರಿಗೆ ಕೊಂಡಮೇಲೂ ನೆಮ್ಮದಿ ಇರುವುದಿಲ್ಲ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಇಲ್ಲಿಯವರೆಗೆ ಓದಿದವರು ಮುದುಕಿ ಬಲು ಬುದ್ಧಿವಂತೆ ಎಂದುಕೊಂಡಿರುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ.

ಹೊರಡುವುದು ಭಾನುವಾರ ಎಂದು ಗೊತ್ತಾಗಿತ್ತು. ಶುಕ್ರವಾರ ಪೂಜೆ. ಮೋಹನ್ ನಾಲ್ಕು ನಿಂಬೆಹಣ್ಣು ತಂದರು, ಗಾಡಿಯ ಚಕ್ರಕ್ಕೆ. ಟ್ರೈಲರಿಗೂ ಎರಡು ತಂದಿದ್ದರು.

"ಟ್ರೈಲರಿಗೆ ನಿಂಬೆಹಣ್ಣಲ್ಲ. ಹಾಲು ಉಕ್ಕಿಸಬೇಕು" ಅಂದೆ.

ಶೈಲಾ ಸೊಂಟದ ಮೇಲೆ ಕೈಯಿಟ್ಟಳು. "ಅಮ್ಮಾ, ಅದು ವೆಹಿಕಲ್. ವಾಹನ ಪೂಜೆ ಸಾಕು."

"ಒಲೆ ಇದೆಯಾ?"

"ಇದೆ."

"ಮಲಗೋ ಜಾಗ ಇದೆಯಾ?"

"ಇದೆ, ಆದ್ರೆ..."

"ಹಾಗಾದ್ರೆ ಮನೆ. ಗೃಹಪ್ರವೇಶ ಆಗದೆ ನಾನು ಮಗೂನ ಅದರೊಳಗೆ ಮಲಗಿಸಲ್ಲ."

ಸರಿ, ಗೃಹಪ್ರವೇಶವಾಯಿತು. ಹೊಸ ಮನೆಗೆ ಮೊದಲು ತುಂಬಿದ ನೀರು ಹೋಗಬೇಕು. ಬಿಂದಿಗೆ ಇರಲಿಲ್ಲ. ಟ್ರೈಲರಿಗೆ ಅದರದೇ ನೀರಿನ ಟ್ಯಾಂಕಿತ್ತು, ಹಿಂದೆ ಅಡುಗೆಮನೆಯ ಕೆಳಗೆ. ಅರ್ಧ ಸಾಕು ಅತ್ತೆ ಎಂದ ಮೋಹನ್ ಮಾತು ಕೇಳದೆ ಪೈಪು ಹಿಡಿದು ಕಂಠಮಟ್ಟ ತುಂಬಿಸಿದೆ. ಆಮೇಲೆ ಉಪ್ಪು, ಬೆಲ್ಲ, ಬೇಳೆ. ಇಪ್ಪತ್ತು ಪೌಂಡಿನ ಅಕ್ಕಿ ಚೀಲ ನಾಲ್ಕು. ಎರಡು ಕುಕ್ಕರು, ಕಬ್ಬಿಣದ ದೋಸೆ ಹೆಂಚು. ನಾನು ಊರಿಂದ ಹೊತ್ತು ತಂದ ಗ್ರೈಂಡರು, ಕಲ್ಲು ಸಮೇತ. ಎಲ್ಲ ಅಡುಗೆಮನೆಯಲ್ಲಿ, ಎಲ್ಲಿರಬೇಕೋ ಅಲ್ಲಿ. ಮುಂದಿನ ಮಂಚದ ಕೆಳಗೆ ಹಾಸಿಗೆ ಬಟ್ಟೆ, ಅನುವಿನ ಹತ್ತಿಯ ಗೊಂಬೆಗಳು. ಹಾಲು ಪೂರ್ವಕ್ಕೆ ಉಕ್ಕಿತು. ಹೊಗೆಯ ಅಲಾರಂ ಕೂಗಿತು. ಬಿಲ್ ಓಡಿ ಬಂದ, ಅವನಿಗೂ ಒಂದು ಲೋಟ ಸಕ್ಕರೆ ಹಾಲು ಕೊಟ್ಟೆ. ಮನೆ ಲಕ್ಷಣವಾಗಿ ಕಂಡಿತು. ಶೈಲಾ ಕೂಡ ಒಳಗೆ ಕೂತು ಕಿಟಕಿಯ ಪರದೆ ಸರಿಸಿ ಸರಿಸಿ ನೋಡಿದಳು. ಬಹಳ ದಿನದ ಮೇಲೆ ಅವಳ ಮುಖದಲ್ಲಿ ಸ್ವಲ್ಪ ಕಳೆ ಇತ್ತು.

ಶನಿವಾರ ಮಧ್ಯಾಹ್ನ ಒಂದು ಸಲ ಓಡಿಸಿ ನೋಡೋಣವೆಂದು ಎಲ್ಲರೂ ಗಾಡಿಯಲ್ಲಿ ಕೂತು ಹೊರಟೆವು, ಹಿಂದೆ ಟ್ರೈಲರು. ಸಣ್ಣ ರಸ್ತೆಯಲ್ಲಿ ಸರಿಯಾಗಿ ಬಂತು. ಫ್ರೆಡೆರಿಕ್ ಕಡೆಯ ದೊಡ್ಡ ರಸ್ತೆಗೆ ಸೇರಿ ವೇಗ ಹೆಚ್ಚಿತು. ಒಂದು ದೊಡ್ಡ ಟ್ರಕ್ಕು ನಮ್ಮನ್ನು ಹಿಂದೆ ಹಾಕಿತು. ಅದರ ಗಾಳಿಗೆ ಟ್ರೈಲರು ಒಮ್ಮೆ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಇನ್ನೂ ಜಾಸ್ತಿ ಎಡಕ್ಕೆ ಹೋಯಿತು. ಗಾಡಿಯ ಹಿಂಭಾಗವನ್ನು ಯಾರೋ ಹಿಡಿದು ಅಲ್ಲಾಡಿಸಿದಂತೆ. ಮೋಹನ್ ಬ್ರೇಕ್ ಒತ್ತಿದರು, ಇನ್ನೂ ಹೆಚ್ಚಾಯಿತು. ಕಾಲು ತೆಗೆಯಿರಿ, ಕಾಲು ತೆಗೆಯಿರಿ ಎಂದೆ. ಕಾಲು ತೆಗೆದರು. ನಿಧಾನವಾಗಿ ಅಲ್ಲಾಟ ಇಳಿದು ರಸ್ತೆಯ ಪಕ್ಕಕ್ಕೆ ಬಂದು ನಿಂತೆವು. ಮೋಹನ್ ಇಂಜಿನ್ ಆರಿಸಿದರು.

"ಡ್ಯಾಡಿ, ಅಗೇನ್" ಎಂದಳು ಅನು.

ಯಾರೂ ನಗಲಿಲ್ಲ. ಶೈಲಾ ಮಗುವನ್ನು ಅವಚಿಕೊಂಡಿದ್ದಳು. "ಸಾಕು ರೀ. ಗುರುವಾರ ನಾವು ಹೋಗ್ತೀವಿ" ಅಂದಳು.

"ಗಾಡಿ ಸರಿ ಇಲ್ಲ. ಹಳೇದು. ರಾಘು ಹೇಳಿದ್ದೇ ಸರಿ" ಎಂದರು ಮೋಹನ್. "ನಾಳೆ ಬೆಳಿಗ್ಗೆ ಡಾಟ್‌ಗೆ ರಿಟರ್ನ್ ಮಾಡಿ, ನಾನು ಒಬ್ಬನೇ ಫೋರ್ಟ್ ಮಿಲ್‌ಗೆ ಡ್ರೈವ್ ಮಾಡ್ತೀನಿ."

ನಾನು ಇಳಿದು ಹಿಂದೆ ಹೋಗಿ ನೋಡಿದೆ. ಟ್ರೈಲರಿನ ಮೂಗು ಆಕಾಶ ನೋಡುತ್ತಿತ್ತು, ಹಿಂಭಾಗ ನೆಲಕ್ಕೆ ಕುಕ್ಕರಿಸಿತ್ತು. ಬಿಡಿಸಿ ಹೇಳಬೇಕಾದ್ದಿಲ್ಲ. ಮೂವತ್ತು ವರ್ಷ ಕಲ್ಲು ಮುಂದೆ, ಲೋಟ ಹಿಂದೆ ಎಂದು ತುಂಬಿದವಳು ಅಕ್ಕಿ, ನೀರು, ರುಬ್ಬುವ ಕಲ್ಲು ಎಲ್ಲ ಬಾಲಕ್ಕೆ ಹೇರಿ, ಮೂಗಿಗೆ ಹತ್ತಿ ಗೊಂಬೆ ಇಟ್ಟಿದ್ದೆ. ಮನೆ ಎಂದುಕೊಂಡು ಮನೆಯ ಹಾಗೆ ತುಂಬಿದೆ. ಗಾಡಿ ಎನ್ನುವುದು ಮರೆತೇಹೋಯಿತು.

ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ.  ಹದಿನಾಲ್ಕು ಗಂಡಸರ ಮುಂದೆ ಯಾರಾದರೂ ಎಳೆದಿದ್ದೀರಾ ಎಂದು ಕೇಳಿದ್ದೆನಲ್ಲ. ಇರುವೆಯ ಹಾಗೆ ತೆವಳಿಕೊಂಡು ಮನೆಗೆ ಬಂದೆವು. ಮೋಹನ್ ಟ್ರೈಲರನ್ನು ಬಿಚ್ಚಿ, ಮೂಗಿನ ಕೆಳಗಿನ ಜಾಕಿಯ ಮೇಲೆ ನಿಲ್ಲಿಸಿ ಒಳಗೆ ಹೋದರು. ನಾನು ಒಬ್ಬಳೇ ಇದ್ದಾಗ ಸೆರಗು ಸಿಕ್ಕಿಸಿ ಮೂಗು ಹಿಡಿದು ಎತ್ತಿದೆ. ಎದ್ದಿತು. ಅರವತ್ತೊಂದು ವರ್ಷದ ಮಂಡಿನೋವಿನ ಮುದುಕಿಗೆ ಆ ಮನೆ ಎದ್ದಿತು. ಮೆಲ್ಲಗೆ ಕೆಳಗಿಟ್ಟೆ.

ಒಳಗೆ ಶೈಲಾ ಸೂಟ್‌ಕೇಸಿನ ಧೂಳು ಒರೆಸುತ್ತಿದ್ದಳು. ಊಟಕ್ಕೆ ಕೂತಾಗ ಹೇಳಿದೆ.

"ಗಾಡಿ ಚೆನ್ನಾಗಿದೆ. ತಪ್ಪು ನಂದು. ನಾನು ತುಂಬಿದ್ದು ತಪ್ಪು. ಭಾರ ಎಲ್ಲ ಹಿಂದೆ ಹಾಕ್ದೆ."

ಮೋಹನ್ ತಟ್ಟೆಯಿಂದ ತಲೆ ಎತ್ತಿದರು. ಅವರ ಕಣ್ಣಲ್ಲಿ ನೀರಿತ್ತು. "ಅತ್ತೆ, ನಮ್ಮಿಬ್ಬರಿಗೋಸ್ಕರ ನೀವು ಹೀಗೆಲ್ಲ ಹೇಳ್ಬೇಡಿ."

"ಯಾರಿಗೋಸ್ಕರಾನೂ ಅಲ್ಲ. ಇದ್ದದ್ದು ಹೇಳ್ತಿದೀನಿ."

"ಅಮ್ಮಾ, ಸುಮ್ನಿರು" ಎಂದಳು ಶೈಲಾ. "ನಾನು ಹುಟ್ಟಿದಾಗಿಂದ ನೀನು ಒಂದು ತಪ್ಪು ಒಪ್ಕೊಂಡಿದ್ದು ನೋಡಿಲ್ಲ. ಸಾರಿಗೆ ಉಪ್ಪು ಜಾಸ್ತಿ ಆದ್ರೆ ಉಪ್ಪಿನ ಅಂಗಡಿಯವನನ್ನ ಬೈದವಳು ನೀನು. ಇವತ್ತು ಒಪ್ಕೊಂಡ್ರೆ ಯಾರು ನಂಬ್ತಾರೆ? ನಾನು ಊರಿಗೆ ಬರೋದು ನಿಂಗೆ ಇಷ್ಟ ಇಲ್ಲ, ಅದಕ್ಕೆ ಹೇಳ್ತಿದೀಯ."

ನಾನು ಇನ್ನೊಂದು ಸಲ ಹೇಳಿದೆ. ಮೂಗು ಎತ್ತುವ ಲೆಕ್ಕವನ್ನೂ ಹೇಳಿದೆ. ಹೇಳಿದಷ್ಟೂ ಅವರು ನನ್ನನ್ನು ಪಾಪ ಎನ್ನುವಂತೆ ನೋಡಿದರು. ಶೈಲಾ ನನ್ನ ತಟ್ಟೆಗೆ ಇನ್ನೊಂದು ಹಪ್ಪಳ ಹಾಕಿದಳು. ಜೀವಮಾನದಲ್ಲಿ ಒಮ್ಮೆ ತಪ್ಪು ಒಪ್ಪಿಕೊಂಡರೆ ಅದನ್ನು ತ್ಯಾಗ ಎಂದುಕೊಂಡರು. ಸಿಟ್ಟು ಬಂತು. ಹಪ್ಪಳ ತಿಂದೆ, ಹೋಗಿ ಮಲಗಿದೆ.

ಮರುದಿನ ಬೆಳಿಗ್ಗೆ ಬೆಳಕು ಬಿಡುತ್ತಲೇ ಎದ್ದೆ. ಮೊದಲು ಟ್ರೈಲರಿನ ಕೆಳಗೆ ಬಗ್ಗಿ ನೀರಿನ ಟ್ಯಾಂಕಿನ ತಿರುಪು ಬಿಚ್ಚಿದೆ. ಗೃಹಪ್ರವೇಶದ ನೀರು ಅಂಗಳ ದಾಟಿ ಪಕ್ಕದವರ ಹುಲ್ಲಿಗೆ ಹರಿಯಿತು. ಅಕ್ಕಿ ಚೀಲಗಳನ್ನು ಒಂದೊಂದಾಗಿ ಎಳೆದು ಮುಂದಿನ ಮಂಚದ ಕೆಳಗೆ ತಳ್ಳಿದೆ. ಗ್ರೈಂಡರಿನ ಕಲ್ಲು ಕಳಚಿ ಮಗುವಿನ ಹಾಗೆ ಸೊಂಟದ ಮೇಲೆ ಹೊತ್ತು ತಂದು ಅಕ್ಕಿಯ ಪಕ್ಕ ಇಟ್ಟೆ. ಕುಕ್ಕರು, ಹೆಂಚು, ಬೇಳೆ, ಬೆಲ್ಲ, ಎಲ್ಲ ಮುಂದೆ. ಹತ್ತಿ ಗೊಂಬೆಗಳನ್ನು ಒಯ್ದು ಅಡುಗೆಮನೆಯ ಕಪಾಟಿನಲ್ಲಿ ಸಾಲಾಗಿ ಕೂರಿಸಿದೆ. ಕೆಳಗಿಳಿದು ಸೆರಗು ಸಿಕ್ಕಿಸಿ ಮೂಗು ಹಿಡಿದೆ. ಏಳಲಿಲ್ಲ. ಉಸಿರು ಬಿಗಿಹಿಡಿದು ಇನ್ನೊಂದು ಸಲ ನೋಡಿದೆ. ಏಳಲಿಲ್ಲ.

ಸೆರಗಿಗೆ ಕೈ ಒರೆಸಿಕೊಂಡು, ಹೋಗಿ ಬೂದು ಗಾಡಿಯ ಬಾಗಿಲು ತೆಗೆದು ಸ್ಟಿಯರಿಂಗ್ ಮುಂದೆ ಕೂತೆ. ಆ ಬೀದಿಯಲ್ಲಿ ನಾಲ್ಕು ತಿಂಗಳಿಂದ ನಾನು ಒಂದು ಹಾರ್ನ್ ಕೇಳಿರಲಿಲ್ಲ. ಹಾರ್ನಿನ ಮೇಲೆ ಅಂಗೈ ಊರಿದೆ. ಬಿಲ್ ಕಿಟಕಿಗೆ ಬಂದ. ಎದುರು ಮನೆಯವರು ಬಾಗಿಲಿಗೆ ಬಂದರು. ಮೋಹನ್ ಬರಿಗಾಲಲ್ಲಿ ಓಡಿ ಬಂದು ಟ್ರೈಲರಿನ ಮೂಗು ನೋಡಿದರು, ಬಗ್ಗಿ ಎತ್ತಲು ನೋಡಿದರು, ಏಳಲಿಲ್ಲ, ಬಾಗಿಲ ಕಡೆ ತಿರುಗಿ ಶೈಲಾಳನ್ನು ಕೈಬೀಸಿ ಕರೆದರು. ಶೈಲಾ ಮಗುವನ್ನು ಎತ್ತಿಕೊಂಡು ಬಂದು ಕೂರುವ ತನಕ ನಾನು ಕೈ ತೆಗೆಯಲಿಲ್ಲ.